ಹದಿಹರೆಯದ ಮಕ್ಕಳಿಗೆ ಸಂಗೀತ ನಾಟಕದ ತರಬೇತಿ: ಮುಂಬಯಿಯ ಕನ್ನಡ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಹಾಡುತ್ತ ಅಭಿನಯಿಸುವ ಒಂದು ಸಣ್ಣ ಪಾತ್ರ ಮಾಡಿದಳು. ಮನೆಗೆ ಬಂದವಳು ಬಣ್ಣವನ್ನೂ ತೊಳೆಯದೆ "ಅಮ್ಮಾ, ನಾನು ಇದನ್ನೇ ಕಲಿಯಬೇಕು" ಎಂದಳು. ಅಂದಿನಿಂದ ಐದು ವರ್ಷ ಡೊಂಬಿವಲಿಯ ನಮ್ಮ ಮನೆಯಿಂದ ಮಾಟುಂಗಾ, ಅಂಧೇರಿ, ಬಾಂದ್ರಾ ಎಂದು ಕ್ಲಾಸುಗಳಿಗೆ ಅಲೆದಿದ್ದೇನೆ. ಕೆಲವು ಕಡೆ ದುಡ್ಡು ಕಳೆದುಕೊಂಡಿದ್ದೇನೆ, ಕೆಲವು ಕಡೆ ಕೊಟ್ಟದ್ದಕ್ಕಿಂತ ಹೆಚ್ಚು ಪಡೆದಿದ್ದೇನೆ. ಸಂಘದ ಕಾರ್ಯಕ್ರಮಗಳಲ್ಲಿ ಮತ್ತು ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಇತರ ತಾಯಂದಿರು ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮ್ಯೂಸಿಕಲ್ ಥಿಯೇಟರ್ ಎಂದರೆ ನಮ್ಮ ಸಂಗೀತ ನಾಟಕವೇ, ಅಥವಾ ಬೇರೆಯೇ?

ಕುಲ ಒಂದೇ, ಮನೆತನ ಬೇರೆ. ಎರಡರಲ್ಲಿಯೂ ಕಥೆ ಹಾಡಿನ ಮೂಲಕ ಮುಂದೆ ಸಾಗುತ್ತದೆ. ಪಾಶ್ಚಾತ್ಯ ಮ್ಯೂಸಿಕಲ್‌ನಲ್ಲಿ ಹಾಡಿನ ಪ್ರತಿಯೊಂದು ಸ್ವರವೂ ಮೊದಲೇ ಬರೆದಿಟ್ಟದ್ದಾಗಿರುತ್ತದೆ, ಹಲವರು ಬೇರೆ ಬೇರೆ ಸ್ವರಗಳಲ್ಲಿ ಏಕಕಾಲಕ್ಕೆ ಹಾಡುವ ಹಾರ್ಮನಿ ಇರುತ್ತದೆ ಮತ್ತು ಹಾಡುತ್ತಿರುವಾಗಲೇ ಕುಣಿಯಬೇಕಾಗುತ್ತದೆ. ಮರಾಠಿ ಮತ್ತು ಕನ್ನಡದ ಸಂಗೀತ ನಾಟಕಗಳಲ್ಲಿ ನಟನಿಗೆ ರಾಗವನ್ನು ಬೆಳೆಸುವ ಸ್ವಾತಂತ್ರ್ಯವಿತ್ತು. ಪ್ರೇಕ್ಷಕರು 'ವನ್ಸ್ ಮೋರ್' ಎಂದರೆ ಕಥೆ ಅಲ್ಲಿಯೇ ನಿಂತು ಕಾಯುತ್ತಿತ್ತು.

ಈ ಊರಿನಲ್ಲಿ ಕನ್ನಡದ ಮಕ್ಕಳು ಈ ಕಲೆಗೆ ತಾವು ಹೊರಗಿನವರು ಎಂದುಕೊಳ್ಳಬೇಕಾಗಿಲ್ಲ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೊಂದು 1842ರಲ್ಲಿ ಸಾಂಗಲಿಯಲ್ಲಿ ಆಡಿದ ಆಟವನ್ನು ನೋಡಿದ ಮೇಲೆಯೇ ಅಲ್ಲಿನ ದೊರೆ ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲಿ ಅಂಥದ್ದನ್ನು ಕಟ್ಟಲು ಹೇಳಿದ್ದು, ಮರುವರ್ಷ ಅವರ ಸೀತಾ ಸ್ವಯಂವರದ ನಾಟಕ ರಂಗಕ್ಕೆ ಬಂದದ್ದು. 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಸಂಗೀತ ನಾಟಕವಾಗಿ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇದನ್ನು ಅಭಿಮಾನಕ್ಕಾಗಿ ಹೇಳುತ್ತಿಲ್ಲ. ಕಡಿಮೆ ಖರ್ಚಿನ ದಾರಿ ಹುಡುಕುವಾಗ ಈ ನಂಟು ಕೆಲಸಕ್ಕೆ ಬರುತ್ತದೆ. ಅದು ಹೇಗೆಂಬುದು ಮುಂದೆ ಬರುತ್ತದೆ.

ಯಾವ ವಯಸ್ಸಿನಲ್ಲಿ ಆರಂಭಿಸಬೇಕು? ಮಗನ ಧ್ವನಿ ಒಡೆಯುತ್ತಿದೆ, ಈಗ ಸೇರಿಸಬಹುದೇ?

ಸೇರಿಸಬಹುದು. ಆದರೆ ಕಲಿಸುವವರಿಗೆ ಆ ವಿಷಯ ತಿಳಿದಿರಬೇಕು. ಹುಡುಗರಿಗೆ ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದರ ನಡುವೆ ಗಂಟಲಿನ ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ, ಮಾತಿನ ಶ್ರುತಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಆ ತಿಂಗಳುಗಳಲ್ಲಿ ಹಾಡಬಲ್ಲ ಸ್ವರಗಳ ವ್ಯಾಪ್ತಿ ಕುಗ್ಗುತ್ತದೆ. ನಿನ್ನೆ ಸಲೀಸಾಗಿ ಬಂದ ಸ್ವರ ಇಂದು ಬಿರುಕು ಬಿಡುತ್ತದೆ. ಹುಡುಗಿಯರ ಧ್ವನಿಯೂ ಬದಲಾಗುತ್ತದೆ, ಆದರೆ ಇಳಿಕೆ ಎರಡು ಮೂರು ಸ್ವರಗಳಷ್ಟು ಮಾತ್ರ. ಕೆಲವು ಕಾಲ ದನಿಯಲ್ಲಿ ಗಾಳಿ ಹೆಚ್ಚು ಕೇಳಿಸುತ್ತದೆ. ಆ ಗಾಳಿದನಿಯನ್ನು ಕೇಳಿ "ಇವಳಿಗೆ ದನಿಯೇ ಇಲ್ಲ" ಎಂದು ತೀರ್ಪು ಕೊಡುವ ಶಿಕ್ಷಕರು ಸಿಕ್ಕರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ತಿಳಿದ ಶಿಕ್ಷಕರು ಈ ಅವಧಿಯಲ್ಲಿ ಹಾಡಿನ ಶ್ರುತಿಯನ್ನು ಮಗುವಿಗೆ ತಕ್ಕಂತೆ ಇಳಿಸುತ್ತಾರೆ, ಸಣ್ಣ ವ್ಯಾಪ್ತಿಯ ಹಾಡುಗಳನ್ನು ಕೊಡುತ್ತಾರೆ, ಉಸಿರು, ಉಚ್ಚಾರ, ಲಯಗಳ ಕಡೆಗೆ ಗಮನ ಹೊರಳಿಸುತ್ತಾರೆ. ತಿಳಿಯದವರು ಧ್ವನಿಮುದ್ರಿಕೆಯ ಶ್ರುತಿಯಲ್ಲಿಯೇ ಎಲ್ಲರೂ ಹಾಡಬೇಕೆಂದು ಹಟ ಹಿಡಿಯುತ್ತಾರೆ. ಮ್ಯೂಸಿಕಲ್‌ಗಳಲ್ಲಿ ಬೆಲ್ಟಿಂಗ್ ಎಂಬ ಒಂದು ಶೈಲಿ ಇದೆ. ಎದೆಯ ದನಿಯನ್ನೇ ಮೇಲಿನ ಸ್ವರಗಳಿಗೂ ಒಯ್ದು ಗಟ್ಟಿಯಾಗಿ ಹಾಡುವುದು. ಮಕ್ಕಳಿಗೆ ಅದೇ ಹೆಚ್ಚು ಇಷ್ಟ, ಕಿರುಚಿ ಕಿರುಚಿ ಅನುಕರಿಸುತ್ತಾರೆ. ಅಭ್ಯಾಸದ ಮರುದಿನ ದನಿ ಕಟ್ಟಿದರೆ ಅಭ್ಯಾಸದ ಕ್ರಮ ತಪ್ಪಿದೆ ಎಂದೇ ತಿಳಿಯಬೇಕು, ಮತ್ತು ನೆಗಡಿ ಕೆಮ್ಮುಗಳಿಲ್ಲದೆ ಮೂರು ವಾರ ಕಳೆದರೂ ದನಿ ಬಿಡದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು.

ನೃತ್ಯವನ್ನೇ ಮುಖ್ಯವಾಗಿಸಿಕೊಳ್ಳಬೇಕೆಂದಿರುವವರಿಗೆ ಬೇಗ ಆರಂಭಿಸಿದರೆ ಲಾಭವುಂಟು. ಹಾಡು ಮತ್ತು ಅಭಿನಯಕ್ಕೆ ಹದಿಮೂರು ಹದಿನಾಲ್ಕು ತಡವೇನಲ್ಲ.

ವರ್ಷಕ್ಕೆ ಎಷ್ಟು ಖರ್ಚು ಬರುತ್ತದೆ?

ಕ್ಲಾಸಿನಿಂದ ಕ್ಲಾಸಿಗೆ, ಬಾಂದ್ರಾದಿಂದ ಬದಲಾಪುರಕ್ಕೆ ಶುಲ್ಕದಲ್ಲಿ ಅಜಗಜಾಂತರವಿರುವುದರಿಂದ ಒಂದು ಸಂಖ್ಯೆಯನ್ನು ಹೇಳಿ ಪ್ರಯೋಜನವಿಲ್ಲ. ಅದಕ್ಕಿಂತ, ಯಾರು ಯಾವ ಮೊತ್ತ ಹೇಳಿದರೂ ಅದನ್ನು ಒಂದೇ ತಕ್ಕಡಿಯಲ್ಲಿ ತೂಗುವ ಲೆಕ್ಕ ಹೇಳುತ್ತೇನೆ.

ಒಂದು ಸಂಸ್ಥೆ ಹನ್ನೆರಡು ವಾರಗಳ ತರಬೇತಿಗೆ 36,000 ರೂಪಾಯಿ ಕೇಳಿತು ಎನ್ನಿ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ ಎಂದರೆ ಒಟ್ಟು 36 ಗಂಟೆ. ಗಂಟೆಗೆ ಸಾವಿರ ರೂಪಾಯಿ. ಇನ್ನು ಕೇಳಬೇಕಾದ ಪ್ರಶ್ನೆ, ಆ 36 ಗಂಟೆಗಳಲ್ಲಿ ಕಲಿಕೆಗೆ ಎಷ್ಟು, ಕೊನೆಯ ಪ್ರದರ್ಶನದ ತಾಲೀಮಿಗೆ ಎಷ್ಟು? ಕೊನೆಯ ಆರು ವಾರ ತಾಲೀಮಿಗೇ ಹೋಗುತ್ತದೆ, ನಿಮ್ಮ ಮಗು ಹಿಂದಿನ ಸಾಲಿನ ಗುಂಪಿನಲ್ಲಿ ನಿಲ್ಲುತ್ತದೆ ಎಂದಾದರೆ ಅದಕ್ಕೆ ನಿಜವಾಗಿ ದಕ್ಕಿದ್ದು 18 ಗಂಟೆ. ಗಂಟೆಯ ಬೆಲೆ ಎರಡು ಸಾವಿರವಾಯಿತು. ಆ 18 ಗಂಟೆಗಳೂ ಮೂವತ್ತು ಮಕ್ಕಳಿಗೆ ಹಂಚಿಹೋಗಿರುತ್ತವೆ.

ಇದರ ಮೇಲೆ ಬರುವ ಖರ್ಚುಗಳನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು: ವೇಷಭೂಷಣ, ಪ್ರದರ್ಶನದ ದಿನದ ಟಿಕೇಟುಗಳು (ಎಷ್ಟೋ ಕಡೆ ಪಾಲಕರೇ ಕಡ್ಡಾಯವಾಗಿ ಕೊಳ್ಳಬೇಕು), ವಿಡಿಯೊ, ಛಾಯಾಚಿತ್ರ, ಪ್ರಮಾಣಪತ್ರ. ಮೊದಲ ವರ್ಷ ನಾವು ಸೇರಿಸಿದ ಒಂದು ಕ್ಲಾಸಿನಲ್ಲಿ ಈ ಬಾಬತ್ತುಗಳೇ ಶುಲ್ಕದ ಅರ್ಧದಷ್ಟಾದವು. ಮಗಳಿಗೆ ಸಿಕ್ಕಿದ್ದು ಮರವಾಗಿ ನಿಲ್ಲುವ ಪಾತ್ರ. ಆ ಮರದ ಉಡುಪು ಇನ್ನೂ ನಮ್ಮ ಅಟ್ಟದ ಮೇಲಿದೆ.

ತೆರಿಗೆಯನ್ನೂ ವಿಚಾರಿಸಿಕೊಳ್ಳಿ. ಹವ್ಯಾಸಕ್ಕಾಗಿ ಕಲಿಯುವವರಿಗೆ ವ್ಯಕ್ತಿಯೊಬ್ಬರು ತಾವೇ ಕಲೆಯನ್ನು ಕಲಿಸಿದರೆ ಜಿಎಸ್‌ಟಿ ವಿನಾಯಿತಿ ಇದೆ. ಕಂಪನಿಯಾಗಿ ನಡೆಯುವ, ಜಿಎಸ್‌ಟಿಗೆ ನೋಂದಾಯಿಸಿಕೊಂಡ ಸಂಸ್ಥೆಗಳ ಶುಲ್ಕದ ಮೇಲೆ ಶೇ. 18 ಬೀಳುತ್ತದೆ. ಕರಪತ್ರದಲ್ಲಿರುವ ಮೊತ್ತದಲ್ಲಿ ಅದು ಸೇರಿದೆಯೇ ಎಂಬ ಒಂದು ಮಾತು ಕೇಳದೆ ಹೋದರೆ 36,000 ಎಂಬುದು ಕೊನೆಗೆ 42,480 ಆಗುತ್ತದೆ.

ಹಾಡು, ಅಭಿನಯ, ನೃತ್ಯ ಮೂರನ್ನೂ ಒಂದೇ ಕಡೆ ಕಲಿಸುವ ಕ್ಲಾಸು ಒಳ್ಳೆಯದೇ, ಬೇರೆ ಬೇರೆ ಕಲಿಸುವುದು ಒಳ್ಳೆಯದೇ?

ಕೈಯಲ್ಲಿ ಹಣ ಧಾರಾಳವಾಗಿದ್ದು, ಒಳ್ಳೆಯ ಸಂಸ್ಥೆ ಮನೆಯ ಹತ್ತಿರವೇ ಇದ್ದರೆ ಒಂದೇ ಕಡೆ ಕಲಿಸಿ. ನಮ್ಮಂಥವರಿಗೆ ನಾನು ಹೇಳುವುದು ಬೇರೆ: 'ಮ್ಯೂಸಿಕಲ್ ಥಿಯೇಟರ್' ಎಂಬ ಫಲಕಕ್ಕೆ ದುಡ್ಡು ಕೊಡಬೇಡಿ, ಹಾಡು, ಅಭಿನಯ, ಹೆಜ್ಜೆ ಈ ಮೂರನ್ನು ಬಿಡಿಬಿಡಿಯಾಗಿ ಸಂಪಾದಿಸಿ, ವರ್ಷಕ್ಕೊಮ್ಮೆ ಎಲ್ಲಿಯಾದರೂ ಒಂದು ನಿಜವಾದ ನಾಟಕದಲ್ಲಿ ಮಗುವನ್ನು ರಂಗಕ್ಕೆ ಹತ್ತಿಸಿ. ಮೂರೂ ಒಂದೆಡೆ ಸೇರುವುದು ರಂಗದ ಮೇಲೆಯೇ.

ಮೂರರಲ್ಲಿ ಮೊದಲ ಹಣ ಹಾಡಿಗೆ ಹೋಗಬೇಕು, ಏಕೆಂದರೆ ತಪ್ಪಾಗಿ ಕಲಿತರೆ ಗಂಟಲಿಗೆ ಪೆಟ್ಟು ಬೀಳುವುದು ಅದರಲ್ಲಿಯೇ, ಮತ್ತು ಒಬ್ಬರು ಎದುರು ಕುಳಿತು ಕೇಳಿ ತಿದ್ದದೆ ಅದು ಬರುವುದೂ ಇಲ್ಲ. ವಾರಕ್ಕೆ ಒಂದು ಗಂಟೆ, ಒಬ್ಬರೇ ಅಥವಾ ಇಬ್ಬರು ಮೂವರು ಮಕ್ಕಳು ಮಾತ್ರ ಇರುವ ಪಾಠ ಸಾಕು. ಅಭಿನಯಕ್ಕೆ ಬೇಸಿಗೆ ಶಿಬಿರ, ಶಾಲೆಯ ನಾಟಕ ತಂಡ, ಸಂಘದ ನಾಟಕ ಇವುಗಳಿಂದ ಬಹಳ ದೂರ ಸಾಗಬಹುದು. ನೃತ್ಯಕ್ಕೆ ಕಟ್ಟಡದ ಸೊಸೈಟಿಯ ಸಭಾಂಗಣದಲ್ಲಿ ಗುಂಪಾಗಿ ನಡೆಯುವ ಕ್ಲಾಸೂ ಆಗುತ್ತದೆ. ಅಲ್ಲಿ ಕಲಿಯಬೇಕಾದದ್ದು ಹೆಜ್ಜೆಯ ಸಾಲನ್ನು ಬೇಗ ನೆನಪಿಟ್ಟುಕೊಳ್ಳುವುದು ಮತ್ತು ಕುಣಿದ ಮೇಲೂ ಹಾಡಲು ಉಸಿರು ಉಳಿಸಿಕೊಳ್ಳುವುದು. ಈ ಎರಡನೆಯದಕ್ಕೆ ಶುಲ್ಕವೇ ಬೇಡ, ದಿನವೂ ಮೆಟ್ಟಿಲು ಹತ್ತುತ್ತ ಹಾಡಿದರಾಯಿತು. ನಮ್ಮ ಕಟ್ಟಡದವರು ಮೊದಮೊದಲು ಬಾಗಿಲು ತೆರೆದು ನೋಡುತ್ತಿದ್ದರು, ಈಗ ರೂಢಿಯಾಗಿದೆ.

ಮುಂಬಯಿಯಲ್ಲಿ ಕಡಿಮೆ ಖರ್ಚಿನಲ್ಲಿ ಎಲ್ಲಿ ಕಲಿಸಬಹುದು?

ಜುಹೂವಿನಲ್ಲಿರುವ, 1978ರಲ್ಲಿ ತೆರೆದ ಪೃಥ್ವಿ ಥಿಯೇಟರ್ ಪ್ರತಿ ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ರಂಗ ಶಿಬಿರಗಳನ್ನು ನಡೆಸುತ್ತದೆ. ಜಾಗಗಳು ಬೇಗ ತುಂಬುವುದರಿಂದ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬೇಕು. ಪ್ರಭಾದೇವಿಯ ರವೀಂದ್ರ ನಾಟ್ಯ ಮಂದಿರದ ಆವರಣದಲ್ಲಿರುವ ಪು. ಲ. ದೇಶಪಾಂಡೆ ಮಹಾರಾಷ್ಟ್ರ ಕಲಾ ಅಕಾಡೆಮಿ ರಾಜ್ಯ ಸರಕಾರದ್ದು; ಸಂಗೀತ, ನಾಟಕಗಳ ಕಿರು ಅವಧಿಯ ಶಿಕ್ಷಣಕ್ರಮಗಳು ಅಲ್ಲಿ ನಡೆಯುತ್ತವೆ. ನರಿಮನ್ ಪಾಯಿಂಟ್‌ನ ರಾಷ್ಟ್ರೀಯ ಪ್ರದರ್ಶನ ಕಲಾ ಕೇಂದ್ರ (ಎನ್‌ಸಿಪಿಎ) ದುಬಾರಿ ಎಂಬ ಭಾವನೆ ಇದೆ. ಅಲ್ಲಿಯೂ ಉಚಿತ ಕಾರ್ಯಕ್ರಮಗಳಿರುತ್ತವೆ, ಮಗುವಿಗೆ ಕೇಳ್ಮೆ ಬೆಳೆಯಲು ಅವು ಸಾಕು.

ಕನ್ನಡದ ಕಡೆಗೆ ಬಂದರೆ, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದಲೂ, ಮಾಹಿಮ್‌ನ ಕರ್ನಾಟಕ ಸಂಘ 1933ರಿಂದಲೂ ನಾಟಕಕ್ಕೆ ನೆರಳಾಗಿವೆ. ಇವನ್ನು ಕ್ಲಾಸುಗಳೆಂದು ಭಾವಿಸಿ ಹೋಗಬೇಡಿ. ನಾಟಕದ ತಾಲೀಮು ನಡೆಯುವಾಗ ಹೋಗಿ, ಮಗುವಿಗೆ ಏನಾದರೂ ಕೆಲಸ ಕೊಡಿ ಎಂದು ಕೇಳಿ. ನನ್ನ ಮಗಳು ಒಂದು ಸಂಘದ ನಾಟಕದಲ್ಲಿ ಎರಡು ತಿಂಗಳು ಚಹಾ ಹಂಚುತ್ತ, ಮರೆಯಿಂದ ಮಾತು ಎತ್ತಿಕೊಡುತ್ತ ಇದ್ದಳು. ಹಿನ್ನೆಲೆಯ ಗುಂಪಿನಲ್ಲಿ ರಂಗಗೀತೆ ಹಾಡುವ ಹುಡುಗಿಯೊಬ್ಬಳು ಜ್ವರ ಬಂದು ಮಲಗಿದಾಗ ಇವಳಿಗೆ ಎಲ್ಲ ಹಾಡುಗಳೂ ಬಾಯಿಪಾಠವಾಗಿದ್ದವು. ಪೈಸೆ ಖರ್ಚಿಲ್ಲದೆ ಅವಳು ಕಲಿತದ್ದು ಅಲ್ಲಿಯೇ ಹೆಚ್ಚು.

ಇನ್ನೊಂದು ದಾರಿ ಎಷ್ಟೋ ಜನರ ಲಕ್ಷ್ಯಕ್ಕೆ ಬರುವುದಿಲ್ಲ. ಹಾರ್ಮನಿಯಲ್ಲಿ ಹಾಡುವ ಅಭ್ಯಾಸ ನಮ್ಮ ಶಾಸ್ತ್ರೀಯ ಪಾಠಗಳಲ್ಲಿ ಸಿಗುವುದಿಲ್ಲ, ಅದಕ್ಕೆ ವೃಂದಗಾನ ಬೇಕು. ಮಿಷನರಿ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಶಾಲೆಯ ಕ್ವಾಯರ್‌ನಲ್ಲಿ ಅದು ಉಚಿತವಾಗಿ ದೊರೆಯುತ್ತದೆ. ಪಕ್ಕದವನು ಬೇರೆ ಸ್ವರ ಹಾಡುತ್ತಿರುವಾಗ ತನ್ನ ಸ್ವರವನ್ನು ಬಿಡದೆ ಹಿಡಿದುಕೊಳ್ಳುವುದನ್ನು ಮನೆಯಲ್ಲಿ ಒಬ್ಬರೇ ಕೂತು ಕಲಿಯಲಾಗದು.

ಪುಣೆ, ಗೋವಾಗಳಲ್ಲಿರುವವರಿಗೆ?

ಹಾಡಿನ ಮಟ್ಟಿಗೆ ಪುಣೆಯವರು ನಮಗಿಂತ ಭಾಗ್ಯವಂತರು. ಭಾಸ್ಕರಬುವಾ ಬಖಲೆಯವರು 1911ರಲ್ಲಿ ಕಟ್ಟಿದ ಭಾರತ ಗಾಯನ ಸಮಾಜ, ವಿನಾಯಕರಾವ ಪಟವರ್ಧನರು 1932ರಲ್ಲಿ ಆರಂಭಿಸಿದ ಗಾಂಧರ್ವ ಮಹಾವಿದ್ಯಾಲಯ ಇವೆರಡೂ ಸಂಗೀತ ರಂಗಭೂಮಿಯನ್ನು ಬಲ್ಲ ಗುರುಗಳ ಪರಂಪರೆಯವು. ಬಖಲೆಯವರು ಮರಾಠಿ ಸಂಗೀತ ನಾಟಕದ ಹೆಸರಾಂತ ಗಾಯಕನಟ ಬಾಲಗಂಧರ್ವರಿಗೇ ಗುರುಗಳಾಗಿದ್ದವರು. ಸದಾಶಿವ ಪೇಟೆಯ ಭಾರತ ನಾಟ್ಯ ಮಂದಿರದಲ್ಲಿ ಹಳೆಯ ಸಂಗೀತ ನಾಟಕಗಳನ್ನು ಇಂದಿಗೂ ಆಡುತ್ತಾರೆ. ಬರ್ಲಿನ್‌ನ ಗ್ರಿಪ್ಸ್ ಎಂಬ ಮಕ್ಕಳ ರಂಗಭೂಮಿಯ ಮಾದರಿಯನ್ನು ಮೋಹನ ಆಗಾಶೆಯವರು 1980ರ ದಶಕದಲ್ಲಿ ಪುಣೆಗೆ ತಂದರು. ಇಂದಿನ ಮಕ್ಕಳ ಬದುಕನ್ನೇ ವಸ್ತುವಾಗಿಟ್ಟುಕೊಂಡು ಹಾಡುಗಳೊಂದಿಗೆ ಕಟ್ಟುವ ಆ ನಾಟಕಗಳು ಮ್ಯೂಸಿಕಲ್‌ಗೆ ತೀರ ಹತ್ತಿರದವು. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘದ ಶಾಲೆ ಮತ್ತು ಸಭಾಂಗಣಗಳಿವೆ.

ಗೋವಾದಲ್ಲಿ ಪಣಜಿಯ ಕಾಂಪಾಲ್‌ನ ಕಲಾ ಅಕಾಡೆಮಿ ಒಂದೇ ಸೂರಿನಡಿ ಭಾರತೀಯ ಸಂಗೀತ, ಪಾಶ್ಚಾತ್ಯ ಸಂಗೀತ, ನಾಟಕ ಮೂರನ್ನೂ ಕಲಿಸುವ ಸರಕಾರಿ ಆಸರೆಯ ಸಂಸ್ಥೆ. ಇಂಥದ್ದೊಂದು ಮುಂಬಯಿಯಲ್ಲಿ ಇದ್ದಿದ್ದರೆ ಈ ಬರಹದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ. ಪೋರ್ಚುಗೀಸರ ಕಾಲದಲ್ಲಿ ಚರ್ಚಿನ ಶಾಲೆಗಳು ಹಳ್ಳಿಯ ಮಕ್ಕಳಿಗೆ ಸ್ವರಲಿಪಿ ಓದುವುದನ್ನು ಕಲಿಸುತ್ತಿದ್ದವು. ಸ್ವರಲಿಪಿ ಬಲ್ಲ ಶಿಕ್ಷಕರು ಇಂದಿಗೂ ಅಲ್ಲಿ ಸುಲಭವಾಗಿ ಸಿಗುತ್ತಾರೆ. ಹಾಡು, ಹಾಸ್ಯಗಳು ಬೆರೆತ ಕೊಂಕಣಿ ತಿಯಾತ್ರವನ್ನು ಮಕ್ಕಳಿಗೆ ಒಮ್ಮೆಯಾದರೂ ತೋರಿಸಿ.

ಟ್ರಯಲ್ ಕ್ಲಾಸಿನಲ್ಲಿ ಏನನ್ನು ಗಮನಿಸಬೇಕು?

ವಾರ್ಷಿಕ ಪ್ರದರ್ಶನ ನೋಡಿ ಕ್ಲಾಸು ಆರಿಸುವುದು ಮದುವೆಯ ಊಟ ಉಂಡು ಮನೆಯ ಅಡುಗೆಯನ್ನು ಅಳೆದಂತೆ. ಟ್ರಯಲ್ ಎಂದು ಅವರು ಕರೆಯುವ ದಿನವೂ ಅಷ್ಟೇ, ಅಂದು ಎಲ್ಲರೂ ಒಳ್ಳೆಯ ಮುಖ ತೋರಿಸುತ್ತಾರೆ. ನಡೆಯುತ್ತಿರುವ ಒಂದು ಸಾಮಾನ್ಯ ದಿನದ ಪಾಠವನ್ನು ಮೂಲೆಯಲ್ಲಿ ಕೂತು ನೋಡಲು ಅನುಮತಿ ಕೇಳಿ. ಪಾಲಕರಿಗೆ ನೋಡಲು ಬಿಡದ ಕ್ಲಾಸು ಎಷ್ಟೇ ಹೆಸರುವಾಸಿಯಾಗಿದ್ದರೂ ನಾನು ಸೇರಿಸುವುದಿಲ್ಲ.

ಕೂತಾಗ ಗಡಿಯಾರ ನೋಡಿ. ಒಂದೂವರೆ ಗಂಟೆಯಲ್ಲಿ ಮಕ್ಕಳು ಎಷ್ಟು ಹೊತ್ತು ಹಾಡಿದರು, ಎಷ್ಟು ಹೊತ್ತು ಗೋಡೆಗೆ ಒರಗಿ ಸರದಿ ಕಾಯ್ದರು? ಶಿಕ್ಷಕರು ಹಾಡುವ ಮೊದಲು ಗಂಟಲು ಬಿಸಿ ಮಾಡಿಸಿದರೇ? ತಪ್ಪು ಸ್ವರ ಹಾಡಿದ ಮಗುವಿಗೆ "ಇನ್ನೊಮ್ಮೆ" ಎಂದಷ್ಟೇ ಹೇಳಿದರೇ, ಎಲ್ಲಿ ತಪ್ಪಿತು, ಹೇಗೆ ಸರಿಪಡಿಸಬೇಕು ಎಂದು ತೋರಿಸಿದರೇ? "ಇನ್ನೊಮ್ಮೆ" ಎಂದು ಹತ್ತು ಸಲ ಹೇಳುವುದು ಕಲಿಸುವುದಲ್ಲ. ಹಾಡಿನ ಸಾಹಿತ್ಯದ ಬಗ್ಗೆ ಮಾತಾಡಿದರೇ ಎಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ: ಈ ಪಾತ್ರ ಈಗ ಏಕೆ ಹಾಡುತ್ತಿದೆ, ಯಾರಿಗೆ ಹಾಡುತ್ತಿದೆ, ಹಾಡಿನ ಕೊನೆಗೆ ಅವಳ ಮನಸ್ಸಿನಲ್ಲಿ ಏನು ಬದಲಾಯಿತು ಎಂದು ಮಕ್ಕಳನ್ನು ಕೇಳುವವರು ರಂಗಭೂಮಿಯವರು; ಕೇಳದವರು ಆರ್ಕೆಸ್ಟ್ರಾದವರು. ಆರ್ಕೆಸ್ಟ್ರಾ ಕೀಳೆಂದು ಹೇಳುತ್ತಿಲ್ಲ, ಅದಕ್ಕೆ ಈ ಶುಲ್ಕ ಏಕೆ ಎಂದಷ್ಟೇ ನನ್ನ ಪ್ರಶ್ನೆ.

ನುಡಿಸಿ ಕಲಿಸುವವರು ಒಬ್ಬರಾದರೂ ಇರಬೇಕು. ಎಲ್ಲ ಹಾಡನ್ನೂ ಕರಾವೋಕೆ ಹಾಕಿಯೇ ಹಾಡಿಸಿದರೆ ಶ್ರುತಿ ಬದಲಿಸುವುದಾಗಲಿ, ಕಷ್ಟದ ಒಂದು ಸಾಲನ್ನು ನಿಧಾನಗೊಳಿಸಿ ಅಭ್ಯಾಸ ಮಾಡಿಸುವುದಾಗಲಿ ಸಾಧ್ಯವಾಗದು. ಒಂದು ಹಾರ್ಮೋನಿಯಂ ಇದ್ದರೂ ಸಾಕು, ದೊಡ್ಡ ಪಿಯಾನೊ ಬೇಕಿಲ್ಲ.

ಮಗಳು ಆರು ವರ್ಷ ಶಾಸ್ತ್ರೀಯ ಸಂಗೀತ ಕಲಿತಿದ್ದಾಳೆ. ಅದು ಅಡ್ಡಿಯಾಗುವುದೇ?

ಅಡ್ಡಿಯಲ್ಲ, ದೊಡ್ಡ ಬಂಡವಾಳ. ಶ್ರುತಿ, ಲಯ, ನೆನಪಿನ ಶಕ್ತಿ ಇವು ಮೂರೂ ಆಗಲೇ ಕೈಸೇರಿವೆ. ಮೂರು ವಿಷಯಗಳಲ್ಲಿ ಮಾತ್ರ ಅಭ್ಯಾಸ ಬದಲಾಗಬೇಕು. ಶಾಸ್ತ್ರೀಯದಲ್ಲಿ ಹಾರ್ಮೋನಿಯಂನ ಐದೂವರೆ ಮನೆಯೋ ಕಪ್ಪು ನಾಲ್ಕೋ ಎಂದು ಒಂದು ಶ್ರುತಿಗೆ ಹೊಂದಿಕೊಂಡಿರುತ್ತೇವೆ, ಷಡ್ಜ ಅಲುಗುವುದಿಲ್ಲ. ಮ್ಯೂಸಿಕಲ್‌ನಲ್ಲಿ ಹಾಡಿನ ನಡುವೆಯೇ ಆಧಾರ ಸ್ವರ ಪಲ್ಲಟವಾಗುತ್ತದೆ, ಮೊದಮೊದಲು ನೆಲವೇ ಜಾರಿದಂತೆ ಅನಿಸುತ್ತದೆ. ಸ್ವರಗಳನ್ನು ಗಮಕವಿಲ್ಲದೆ ನೇರವಾಗಿ ನಿಲ್ಲಿಸಿ ಹಾಡುವುದು ಎರಡನೆಯದು. ಮೂರನೆಯದು ಸಾಹಿತ್ಯ. ಆಲಾಪದ ಅಭ್ಯಾಸವಿರುವ ಮಕ್ಕಳು ಅಕ್ಷರವನ್ನು ಸ್ವರದಲ್ಲಿ ಕರಗಿಸಿಬಿಡುತ್ತಾರೆ. ರಂಗದ ಹಾಡಿನಲ್ಲಿ ಕೊನೆಯ ಸಾಲಿನಲ್ಲಿ ಕೂತವರಿಗೂ ಮಾತು ಕೇಳಿಸಬೇಕು. ಕಂಪನಿ ನಾಟಕದವರಿಗೆ ಮೈಕಿಲ್ಲದ ಕಾಲದಲ್ಲಿಯೇ ಈ ವಿದ್ಯೆ ಕರಗತವಾಗಿತ್ತು. ಗುರುಗಳಿಗೆ ಹೇಳದೆ ಕದ್ದು ಸೇರಿಸಬೇಡಿ. ಎರಡೂ ಕಡೆ ತಿಳಿದಿದ್ದರೆ ಗಂಟಲಿಗೆ ಭಾರ ಹೆಚ್ಚಾಗದಂತೆ ಅವರೇ ನೋಡಿಕೊಳ್ಳುತ್ತಾರೆ.

ಯಕ್ಷಗಾನ ಕಲಿಸಿದರೆ ಅದು ಈ ತರಬೇತಿಗೆ ಸಮವೇ?

ಈ ಪ್ರಶ್ನೆಯನ್ನು ಕೇಳುವವರೆಲ್ಲ ಕರಾವಳಿಯವರು, ಕೇಳುವಾಗ ಅರ್ಧ ನಗುತ್ತ ಕೇಳುತ್ತಾರೆ. ನಾನು ನಗದೆ ಉತ್ತರಿಸುತ್ತೇನೆ. ತಾಳಕ್ಕೆ ಸರಿಯಾಗಿ ಹೆಜ್ಜೆ, ಹೆಜ್ಜೆಯ ನಡುವೆ ಮಾತು, ಭಾಗವತರ ಪದಕ್ಕೆ ಮುಖದಲ್ಲಿ ಭಾವ, ಭಾರದ ವೇಷ ಹೊತ್ತು ಗಂಟೆಗಟ್ಟಲೆ ನಿಲ್ಲುವ ಕಸುವು: ಹದಿಹರೆಯದವರಿಗೆ ರಂಗದ ಮೈಕಟ್ಟು ಕೊಡಲು ಇದಕ್ಕಿಂತ ಒಳ್ಳೆಯ, ಇದಕ್ಕಿಂತ ಅಗ್ಗದ ಶಾಲೆ ಈ ಊರಿನಲ್ಲಿ ನನಗೆ ಕಂಡಿಲ್ಲ. ವ್ಯತ್ಯಾಸ ಒಂದೇ, ಅಲ್ಲಿ ಹಾಡುವವರು ಭಾಗವತರು, ಕುಣಿಯುವವರು ವೇಷಧಾರಿಗಳು. ಹಿಮ್ಮೇಳ ಮತ್ತು ಮುಮ್ಮೇಳ ಬೇರೆ ಬೇರೆ. ಆದ್ದರಿಂದ ಹಾಡಿನ ಪಾಠ ಪ್ರತ್ಯೇಕವಾಗಿ ಇರಲೇಬೇಕು. ಭಾಗವತಿಕೆ ಕಲಿಯಬೇಕೆಂದು ಹೊರಡುವ ಹುಡುಗರು ಕಪ್ಪು ಮೂರರ ಎತ್ತರದ ಶ್ರುತಿಗೆ ದನಿ ಒಡೆಯುವ ಕಾಲದಲ್ಲಿ ಕೈಹಾಕದಿರಲಿ.

ಊರಿನ ಮೇಳಗಳು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದು ಆಟ ಆಡುವ ವಾಡಿಕೆ ಇದೆ. ಆ ವಾರಗಳಲ್ಲಿ ಮಗುವನ್ನು ಚೌಕಿಗೂ, ಅಂದರೆ ವೇಷ ಕಟ್ಟುವ ಜಾಗಕ್ಕೂ, ಕರೆದೊಯ್ಯಿರಿ. ಬಣ್ಣ ಹಚ್ಚಿಕೊಳ್ಳುತ್ತ ಪಾತ್ರದೊಳಗೆ ಇಳಿಯುವುದನ್ನು ಕಣ್ಣಾರೆ ನೋಡಿದ ಮಕ್ಕಳಿಗೆ ತಯಾರಿ ಎಂದರೇನು ಎಂದು ಮತ್ತೆ ಹೇಳಬೇಕಾಗುವುದಿಲ್ಲ.

ಪರೀಕ್ಷೆ, ಪ್ರಮಾಣಪತ್ರಗಳು ಬೇಕೇ?

ಟ್ರಿನಿಟಿ, ಲಾಮ್ಡಾ, ಎಬಿಆರ್‌ಎಸ್‌ಎಂ, ರಾಕ್‌ಸ್ಕೂಲ್ ಈ ಬ್ರಿಟಿಷ್ ಮಂಡಳಿಗಳು ಮ್ಯೂಸಿಕಲ್ ಥಿಯೇಟರಿಗೆ ಅಥವಾ ಅದರ ಗಾಯನಕ್ಕೆ ಶ್ರೇಣೀಕೃತ ಪರೀಕ್ಷೆಗಳನ್ನು ನಡೆಸುತ್ತವೆ. ಆರರಿಂದ ಎಂಟನೆಯ ಶ್ರೇಣಿಯವರೆಗಿನವು ಬ್ರಿಟನ್ನಿನ ವಿಶ್ವವಿದ್ಯಾಲಯ ಪ್ರವೇಶದಲ್ಲಿ ಲೆಕ್ಕಕ್ಕೆ ಬರುತ್ತವೆ. ಅಲ್ಲಿಗೆ ಕಳಿಸುವ ಯೋಚನೆ ಇಲ್ಲದವರು ಪ್ರತಿ ಶ್ರೇಣಿಗೂ ಹಣ ಕಟ್ಟುವ ಅಗತ್ಯವಿಲ್ಲ. ಪಠ್ಯಕ್ರಮ ನೋಡಿ ಕಲಿಸಿ, ಎರಡು ಮೂರು ವರ್ಷಕ್ಕೊಮ್ಮೆ ಒಂದು ಪರೀಕ್ಷೆ ಬರೆಸಿದರೆ ಸಾಕು. ಕೆಳಗಿನ ಶ್ರೇಣಿಗಳನ್ನು ದಾಟಿಕೊಂಡೇ ಬರಬೇಕೆಂಬ ನಿಯಮವೂ ಸಾಮಾನ್ಯವಾಗಿ ಇರುವುದಿಲ್ಲ.

ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ ಪರೀಕ್ಷೆಗಳಿಗೆ ಬೇರೆ ಉಪಯೋಗವಿದೆ. ಮಹಾರಾಷ್ಟ್ರ ರಾಜ್ಯ ಮಂಡಳಿಯ ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಶಾಸ್ತ್ರೀಯ ಕಲೆ ಮತ್ತು ಲೋಕಕಲೆಗಳಿಗಾಗಿ ಹೆಚ್ಚುವರಿ ಅಂಕ ಕೊಡುವ ಯೋಜನೆ ಇದೆ. ಪ್ರಸ್ತಾವನೆ ಶಾಲೆಯ ಮೂಲಕವೇ ಹೋಗಬೇಕಾದ್ದರಿಂದ ಶಾಲೆಯ ಕಚೇರಿಯಲ್ಲಿ ವರ್ಷದ ಆರಂಭದಲ್ಲಿಯೇ ವಿಚಾರಿಸಿ. ಬೇರೆ ಮಂಡಳಿಗಳ ಶಾಲೆಗಳಿಗೆ ಇದು ಅನ್ವಯಿಸದು.

ವಿದ್ಯಾರ್ಥಿವೇತನ ಸಿಗುತ್ತದೆಯೇ?

ಕೇಂದ್ರ ಸರಕಾರದ ಸಿಸಿಆರ್‌ಟಿ ಸಂಸ್ಥೆಯ ಸಾಂಸ್ಕೃತಿಕ ಪ್ರತಿಭಾನ್ವೇಷಣೆಯ ವಿದ್ಯಾರ್ಥಿವೇತನಕ್ಕೆ 10ರಿಂದ 14 ವರ್ಷದ ಮಕ್ಕಳು ಅರ್ಜಿ ಹಾಕಬಹುದು. ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳಿಗೆ ಕೊಟ್ಟ ಶುಲ್ಕದಲ್ಲಿ 9,000 ರೂಪಾಯಿಗಳವರೆಗೆ ಮರುಪಾವತಿ. ಒಮ್ಮೆ ಸಿಕ್ಕರೆ 20ನೆಯ ವಯಸ್ಸಿನವರೆಗೂ ನವೀಕರಿಸಬಹುದು. ಸಂಸ್ಕೃತಿ ಸಚಿವಾಲಯದ ಇನ್ನೊಂದು ಯೋಜನೆಯಲ್ಲಿ 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷ ತಿಂಗಳಿಗೆ 5,000 ರೂಪಾಯಿ ಕೊಡುತ್ತಾರೆ. ಎರಡರ ನಡುವೆ ಹದಿನೈದು, ಹದಿನಾರು, ಹದಿನೇಳು ವರ್ಷದವರು, ಅಂದರೆ ನಿಜವಾಗಿ ಖರ್ಚು ಏರುವ ವಯಸ್ಸಿನವರು, ಹೊಸದಾಗಿ ಈ ಎರಡಕ್ಕೂ ಅರ್ಜಿ ಹಾಕಲಾರರು. ಆದ್ದರಿಂದ ಮಗುವಿಗೆ ಹದಿನಾಲ್ಕು ತುಂಬುವ ಮೊದಲೇ ಮೊದಲನೆಯದಕ್ಕೆ ಪ್ರಯತ್ನಿಸಿ. ಅರ್ಜಿಯಲ್ಲಿ 'ಮ್ಯೂಸಿಕಲ್ ಥಿಯೇಟರ್' ಎಂದು ಬರೆಯದೆ ಮಗು ಕಲಿಯುತ್ತಿರುವ ಸಂಗೀತ, ನೃತ್ಯ ಅಥವಾ ಯಕ್ಷಗಾನದಂಥ ಪ್ರಕಾರವನ್ನು ಹೆಸರಿಸಬೇಕು.

ಖಾಸಗಿ ಕ್ಲಾಸುಗಳಲ್ಲಿ ಬಾಯಿಬಿಟ್ಟು ಕೇಳಿ. ಕಂತುಗಳಲ್ಲಿ ಕಟ್ಟಲು, ಒಡಹುಟ್ಟಿದವರಿಗೆ ರಿಯಾಯಿತಿ ಕೊಡಲು, ಚಿಕ್ಕ ಮಕ್ಕಳ ತರಗತಿಯಲ್ಲಿ ಸಹಾಯ ಮಾಡಿದರೆ ಶುಲ್ಕ ಇಳಿಸಲು ಹಲವರು ಒಪ್ಪುತ್ತಾರೆ. ಕೇಳಲು ನಮ್ಮವರಿಗೆ ಸಂಕೋಚ ಜಾಸ್ತಿ.

ಆನ್‌ಲೈನ್ ತರಗತಿ ಸಾಕಾಗದೇ?

ಸ್ವರಲಿಪಿ, ಉಚ್ಚಾರ, ಸಂಭಾಷಣೆಯ ಅಭ್ಯಾಸಕ್ಕೆ ಸಾಕು. ದನಿ ತಲುಪುವುದು ಕ್ಷಣಕಾಲ ತಡವಾಗುವುದರಿಂದ ಇಬ್ಬರು ಒಟ್ಟಿಗೆ ಹಾಡಲಾಗುವುದಿಲ್ಲ, ಗುರುಗಳು ನುಡಿಸುತ್ತಿರುವಾಗ ತಾಳಕ್ಕೆ ಸೇರಿ ಹಾಡುವುದೂ ಆಗುವುದಿಲ್ಲ.

ಹತ್ತನೆಯ ತರಗತಿಯ ವರ್ಷ ಬಿಡಿಸಬೇಕೇ? ಪ್ರಯಾಣವೇ ಎರಡು ಗಂಟೆ ಆಗುತ್ತದೆ.

ಪೂರ್ತಿ ಬಿಡಿಸಬೇಡಿ, ಪ್ರದರ್ಶನ ಮತ್ತು ನೃತ್ಯವನ್ನು ನಿಲ್ಲಿಸಿ ವಾರಕ್ಕೊಂದು ಹಾಡಿನ ಪಾಠವನ್ನು ಉಳಿಸಿಕೊಳ್ಳಿ. ದೂರದ ವಿಷಯದಲ್ಲಿ ನನ್ನ ನಿಯಮ ಸರಳವಾದುದು: ಹೋಗಿ ಬರುವ ಸಮಯ ಪಾಠದ ಸಮಯಕ್ಕಿಂತ ಹೆಚ್ಚಾದರೆ ವಾರಕ್ಕೆ ಒಂದೇ ದಿನ. ಲೋಕಲ್‌ನಲ್ಲಿ ನೂಕುನುಗ್ಗಲಿನ ಹೊತ್ತಿಗೆ ಹತ್ತಿ ಹೋದ ಮಗು ಅರ್ಧ ಗಂಟೆ ಹಾಡುವ ಸ್ಥಿತಿಯಲ್ಲಿಯೇ ಇರುವುದಿಲ್ಲ. ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಬೆಳಗಿನ ತಂಡವನ್ನೇ ಕೇಳಿ.

ಟಿವಿಯಲ್ಲಿ ಅವಕಾಶ ಕೊಡಿಸುತ್ತೇವೆ, ಮೊದಲು ದುಡ್ಡು ಕೊಟ್ಟು ಪೋರ್ಟ್‌ಫೋಲಿಯೊ (ಮಗುವಿನ ಛಾಯಾಚಿತ್ರಗಳ ಸಂಪುಟ) ಮಾಡಿಸಿ ಎನ್ನುತ್ತಾರೆ. ನಂಬಬಹುದೇ?

ನಂಬಬೇಡಿ. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ.

ಮಕ್ಕಳ ಸುರಕ್ಷತೆಯ ಬಗ್ಗೆ ಏನು ಕೇಳಬೇಕು?

ರಂಗದ ಕೆಲಸದಲ್ಲಿ ಮೈ ಮುಟ್ಟಿ ತಿದ್ದುವುದು, ವೇಷ ಬದಲಿಸುವುದು, ರಾತ್ರಿ ತಡವಾಗಿ ತಾಲೀಮು ಮುಗಿಯುವುದು ಇವೆಲ್ಲ ಇರುವುದರಿಂದ ಸಂಕೋಚ ಬಿಟ್ಟು ಕೇಳಬೇಕು. ಹುಡುಗಿಯರಿಗೆ ಮತ್ತು ಹುಡುಗರಿಗೆ ಬೇರೆ ಬೇರೆ ವೇಷದ ಕೋಣೆ ಇದೆಯೇ, ಪ್ರತಿ ತಾಲೀಮಿನಲ್ಲಿಯೂ ಇಬ್ಬರು ದೊಡ್ಡವರಾದರೂ ಇರುತ್ತಾರೆಯೇ, ಶಿಕ್ಷಕರು ಮಗುವಿಗೆ ನೇರವಾಗಿ ಸಂದೇಶ ಕಳಿಸುತ್ತಾರೋ ಪಾಲಕರಿರುವ ಗುಂಪಿನಲ್ಲಿಯೋ ಎಂಬುದು ತಿಳಿದಿರಲಿ. 18 ತುಂಬದ ಎಲ್ಲ ಮಕ್ಕಳಿಗೂ ಲೈಂಗಿಕ ಅಪರಾಧಗಳ ವಿರುದ್ಧ 2012ರ ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ, ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆಯನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ಮಧ್ಯದಲ್ಲಿ ಬಿಟ್ಟರೆ ಶುಲ್ಕ ವಾಪಸು ಬರುತ್ತದೆಯೇ?

ಕಟ್ಟುವ ಮೊದಲು ರಸೀದಿಯ ಹಿಂಭಾಗವನ್ನು ಓದಿ. ಇಡೀ ವರ್ಷದ ಶುಲ್ಕವನ್ನು ಒಮ್ಮೆಲೇ ಕಟ್ಟಿದರೆ ಶೇ. 20 ಕಡಿತ ಎಂಬ ಆಮಿಷಕ್ಕೆ ಒಳಗಾಗದೆ ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲಿಯೇ ಕಟ್ಟುವುದು ಕೊನೆಗೆ ಅಗ್ಗವಾಗುತ್ತದೆ. ಹೇಳಿದ ಪಾಠಗಳನ್ನೇ ನಡೆಸದೆ ಹಣ ಹಿಂದಿರುಗಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ರಸೀದಿ ಇಲ್ಲದೆ ನಗದು ಕೊಟ್ಟವರಿಗೆ ಇದಾವುದೂ ಸುಲಭವಲ್ಲ.

ಮುಂದೆ ಇದನ್ನೇ ಓದಬಹುದೇ? ಮಗು ನಡುವೆಯೇ ಬೇಡ ಎಂದರೆ?

ಓದಬಹುದು. ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರದಲ್ಲಿ ನಾಟಕ, ಸಂಗೀತ, ನೃತ್ಯಗಳಿಗೆ ಪದವಿ ಶಿಕ್ಷಣವಿದೆ; ಮುಂಬಯಿ ವಿಶ್ವವಿದ್ಯಾಲಯದ ಕಾಲೀನಾ ಆವರಣದಲ್ಲಿ ರಂಗಕಲೆಯ ಅಕಾಡೆಮಿ ಇದೆ; ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಪದವಿಯ ನಂತರವೇ ಪ್ರವೇಶ. ಕನ್ನಡ ಚೆನ್ನಾಗಿ ಬಲ್ಲ ಮಕ್ಕಳಿಗೆ ಹೆಗ್ಗೋಡಿನ ನೀನಾಸಮ್‌ನ ಒಂದು ವರ್ಷದ ರಂಗಶಿಕ್ಷಣ ಇದೆ, ಅಲ್ಲಿ ರಂಗಸಂಗೀತಕ್ಕೂ ಜಾಗವಿದೆ. ಮನೆಯಲ್ಲಿ ಕನ್ನಡ ಓದಲು ಕಲಿಸದೆ ಹೋದವರಿಗೆ ಈ ಬಾಗಿಲು ಮುಚ್ಚಿದಂತೆ. ಪಾಲಕರು ಇದನ್ನು ಕೇಳಿ ಸುಮ್ಮನಾಗುವುದನ್ನು ಹಲವು ಸಲ ನೋಡಿದ್ದೇನೆ.

ಬೇಡ ಎಂದರೆ ಯಾವುದು ಬೇಡ ಎಂದು ಕೇಳಿ. ನನ್ನ ಮಗಳು ಹದಿನಾರನೆಯ ವಯಸ್ಸಿಗೆ ಎಲ್ಲವನ್ನೂ ಬಿಡುತ್ತೇನೆ ಎಂದಾಗ ಅವಳಿಗೆ ಬೇಡವಾಗಿದ್ದದ್ದು ನೃತ್ಯದ ಕ್ಲಾಸಿನ ಕನ್ನಡಿಯ ಗೋಡೆ ಮಾತ್ರ ಎಂದು ತಿಳಿಯಲು ನಮಗೆ ಎರಡು ವಾರ ಹಿಡಿಯಿತು. ಆ ಕ್ಲಾಸನ್ನು ನಿಲ್ಲಿಸಿದೆವು. ಹಾಡಿನ ಪಾಠಕ್ಕೆ ಈಗಲೂ ಶನಿವಾರ ಮಧ್ಯಾಹ್ನ ಮಾಟುಂಗಾಕ್ಕೆ ಹೋಗುತ್ತಾಳೆ, ಕಳೆದ ಬೇಸಿಗೆಯಿಂದ ಒಬ್ಬಳೇ.